ಮೂಳೆಯ ಜಾಗದಲ್ಲಿ ಬೀಟ್‌ರೂಟ್: ಹಾಲು, ಮೊಟ್ಟೆ, ಮಾಂಸ ಇಲ್ಲದ ಯಹೂದಿ ಹಬ್ಬದಡುಗೆ

ಕಳೆದ ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದ ನಮ್ಮ ರೂಮ್‌ಮೇಟ್ ಎರಡೇ ದಿನಕ್ಕೆ ಸಪ್ಪೆ ಮುಖ ಹೊತ್ತುಕೊಂಡು ವಾಪಸ್ ಬಂದ. ಪ್ರಾಣಿಗಳಿಂದ ಬರೋದು ಯಾವುದೂ ಬೇಡ ಅಂತ ಅವನು ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟು ಎಂಟು ತಿಂಗಳಾಗಿತ್ತು. ಹಾಸ್ಟೆಲ್ ಮೆಸ್ಸಲ್ಲಿ ಇದು ಯಾರಿಗೂ ದೊಡ್ಡ ವಿಷಯ ಅಲ್ಲ, ಅಲ್ಲಿನ ಮಜ್ಜಿಗೆ ಹೇಗೂ ನೀರೇ. ಆದ್ರೆ ಮನೆಯಲ್ಲಿ ಅಜ್ಜಿ ಹೋಳಿಗೆ ಮೇಲೆ ತುಪ್ಪ ಹಾಕೋಕೆ ಬಂದಾಗ ಇವನು ಎಲೆಗೆ ಕೈ ಅಡ್ಡ ಹಿಡಿದ. ಅಜ್ಜಿ ಬೈಯಲಿಲ್ಲ. "ತುಪ್ಪ ಇಲ್ದೆ ಅದೆಂಥ ಹಬ್ಬ ಮಗಾ" ಅಂದು ಒಳಗೆ ಹೋದ್ರಂತೆ. ಆಮೇಲೆ ಅವರೂ ಹೋಳಿಗೆ ತಿನ್ನಲಿಲ್ಲವಂತೆ.

ಅವತ್ತು ರಾತ್ರಿ ನಮ್ಮ ರೂಮಲ್ಲಿ ಇದೇ ಚರ್ಚೆ. ಹಬ್ಬದ ಅಡುಗೆಯಿಂದ ಒಂದು ಪದಾರ್ಥ ತೆಗೆದ್ರೆ ಅದು ಅದೇ ಹಬ್ಬ ಆಗಿ ಉಳಿಯುತ್ತಾ? ಅಜ್ಜಿ ಸರಿನಾ, ಇವನು ಸರಿನಾ? ಮೂರು ಜನ, ನಾಲ್ಕು ಅಭಿಪ್ರಾಯ. ಇದೇ ಪ್ರಶ್ನೆ ಬೇರೆ ಯಾರಿಗಾದ್ರೂ ಬಂದಿದೆಯಾ ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಯಹೂದಿಗಳು. ಊಟದ ವಿಷಯದಲ್ಲಿ ಎರಡು ಸಾವಿರ ವರ್ಷದಿಂದ ವಾದ ಮಾಡ್ತಾ, ಆ ವಾದವನ್ನೆಲ್ಲ ಬರೆದಿಟ್ಟುಕೊಂಡು ಬಂದಿರೋ ಜನ. ಅವರಲ್ಲಿ ಇವತ್ತು ಹಾಲು, ಮೊಟ್ಟೆ, ಮಾಂಸ, ಜೇನು ಯಾವುದನ್ನೂ ಬಳಸದೆ ಪ್ರತಿ ಹಬ್ಬವನ್ನೂ ಮಾಡುವವರಿದ್ದಾರೆ. ಹೇಗೆ ಅನ್ನೋದೇ ಈ ಲೇಖನ. ಓದಿದ್ದು ಇಂಗ್ಲಿಷಿನಲ್ಲಿ, ಬರೀತಿರೋದು ಕನ್ನಡದಲ್ಲಿ. ಹೀಬ್ರೂ ಹೆಸರುಗಳ ಉಚ್ಚಾರಣೆ ಎಲ್ಲಾದ್ರೂ ಹೆಚ್ಚುಕಮ್ಮಿ ಆದ್ರೆ ಸಹಿಸಿಕೊಳ್ಳಿ.

ಮೊದಲು ರೂಲ್ಸ್

ಯಹೂದಿ ಆಹಾರ ನಿಯಮಗಳಿಗೆ ಕಶ್ರೂತ್ ಅಂತ ಹೆಸರು, ಆ ನಿಯಮಕ್ಕೆ ಒಪ್ಪುವ ಆಹಾರ ಕೋಶರ್. ಹಂದಿ, ಸಿಗಡಿ, ಏಡಿ ಇಂಥವು ನಿಷಿದ್ಧ. ಆದ್ರೆ ಅಡುಗೆಮನೆಯ ಆಕಾರವನ್ನೇ ಬದಲಿಸಿದ ನಿಯಮ ಇನ್ನೊಂದು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲೇ ಬೇಯಿಸಬಾರದು ಅನ್ನೋ ಮಾತು ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಕಡೆ ಬರುತ್ತೆ. ಪಂಡಿತರು ಅದನ್ನು ಹಿಗ್ಗಿಸಿ, ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರಲೇಬಾರದು ಅಂತ ಮಾಡಿದ್ರು. ಸಂಪ್ರದಾಯಸ್ಥರ ಮನೆಯಲ್ಲಿ ಎರಡಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ತಟ್ಟೆ, ಬೇರೆ ಚಮಚ. ಮಾಂಸ ತಿಂದ ಮೇಲೆ ಹಾಲಿನ ಪದಾರ್ಥ ಮುಟ್ಟೋಕೆ ಹಲವು ಸಮುದಾಯಗಳಲ್ಲಿ ಆರು ಗಂಟೆ ಕಾಯಬೇಕು.

ಹೀಗಾಗಿ ಆಹಾರಕ್ಕೆ ಮೂರು ಗುಂಪು: ಮಾಂಸ, ಹಾಲು, ಮತ್ತು ಎರಡೂ ಅಲ್ಲದ ತಟಸ್ಥ ಗುಂಪು. ಈ ಮೂರನೆಯದಕ್ಕೆ ಪಾರ್ವೆ ಅಂತಾರೆ. ಕಾಳು, ತರಕಾರಿ, ಹಣ್ಣು, ಧಾನ್ಯ, ಎಣ್ಣೆ ಎಲ್ಲಾ ಪಾರ್ವೆ, ಯಾವುದರ ಜೊತೆಗಾದ್ರೂ ಸೇರುತ್ತೆ. ಕೋಡಿಂಗ್ ಭಾಷೆಯಲ್ಲಿ ಹೇಳಬೇಕಂದ್ರೆ ಎಲ್ಲಾ ಫಂಕ್ಷನ್‌ಗೂ ಹೊಂದೋ ಡೇಟಾ ಟೈಪ್. ಹಬ್ಬದ ಊಟಕ್ಕೆ ಮಾಂಸ ಮಾಡಿದ ಮನೆಯಲ್ಲಿ ಕೊನೆಗೆ ಕೇಕ್ ಬೇಕಂದ್ರೆ ಬೆಣ್ಣೆ ಹಾಕೋ ಹಾಗಿಲ್ಲ, ಎಣ್ಣೆಯಲ್ಲೇ ಮಾಡಬೇಕು. ಅಂದ್ರೆ ಹಾಲಿಲ್ಲದೆ ಸಿಹಿ ಮಾಡೋ ಅಭ್ಯಾಸ ಈ ಜನಕ್ಕೆ ಹೊಸ ಫ್ಯಾಷನ್ ಅಲ್ಲ. ವೀಗನ್ ಅನ್ನೋ ಪದ ಹುಟ್ಟಿದ್ದು 1944ರಲ್ಲಿ. ಇವರ ಹಾಲಿಲ್ಲದ ಕೇಕು ಅದಕ್ಕಿಂತ ಎಷ್ಟೋ ಹಳೆಯದು.

ಆದ್ರೆ ಇಲ್ಲಿ ಎರಡು ಬಗ್ ಇವೆ, ನೆನಪಿಟ್ಕೊಳ್ಳಿ. ಒಂದು, ಮೊಟ್ಟೆ, ಮೀನು, ಜೇನು ಕೂಡ ಪಾರ್ವೆಯೇ. ಹಾಗಾಗಿ ಪ್ಯಾಕೆಟ್ ಮೇಲೆ ಪಾರ್ವೆ ಅಂತಿದ್ರೆ ಹಾಲಿಲ್ಲ ಅಂತ ನಂಬಬಹುದು, ಮೊಟ್ಟೆ ಇಲ್ಲ ಅಂತ ನಂಬೋಕಾಗಲ್ಲ. ಎರಡು, ತರಕಾರಿ ಅಂದ ತಕ್ಷಣ ಕೋಶರ್ ಅಲ್ಲ. ಹುಳ ತಿನ್ನೋದು ನಿಷಿದ್ಧವಾದ್ರಿಂದ ಸೊಪ್ಪು, ಕೋಸುಗಳನ್ನು ಎಲೆ ಎಲೆಯಾಗಿ ನೋಡಿ ತೊಳೀಬೇಕು. ರೋಮ್ ನಗರದ ಯಹೂದಿಗಳ ಹೆಮ್ಮೆಯ ಅಡುಗೆ, ಇಡೀ ಆರ್ಟಿಚೋಕ್ ಮೊಗ್ಗನ್ನು ಹೂವಿನ ಹಾಗೆ ಅರಳುವಂತೆ ಆಲಿವ್ ಎಣ್ಣೆಯಲ್ಲಿ ಕರಿಯೋದು. ಇಡೀ ಮೊಗ್ಗಿನೊಳಗೆ ಹುಳ ಇದೆಯೋ ಇಲ್ವೋ ಪರೀಕ್ಷಿಸೋಕಾಗಲ್ಲ, ಅದು ಕೋಶರ್ ಅಲ್ಲ ಅಂತ 2018ರಲ್ಲಿ ಇಸ್ರೇಲಿನ ಧರ್ಮಾಧಿಕಾರಿಗಳು ಹೇಳಿದಾಗ ರೋಮಿನವರು ಸುತರಾಂ ಒಪ್ಪಲಿಲ್ಲ. ತಲೆತಲಾಂತರದಿಂದ ತಿಂದಿದ್ದೀವಿ, ಶುಚಿ ಮಾಡೋದು ನಮಗೆ ಗೊತ್ತು ಅಂದ್ರು. ಅಜ್ಜಿಯಂದಿರು ಎಲ್ಲಾ ಕಡೆ ಒಂದೇ.

ವಾರಕ್ಕೊಮ್ಮೆ ಬರೋ ಹಬ್ಬ

ಯಹೂದಿಗಳ ಅತಿ ಮುಖ್ಯ ಹಬ್ಬ ಪ್ರತಿ ವಾರ ಬರುತ್ತೆ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಕಾಣೋವರೆಗೆ ಶಬ್ಬಾತ್. ಆಗ 39 ಬಗೆಯ ಕೆಲಸಗಳು ನಿಷಿದ್ಧ. ಬೆಂಕಿ ಹಚ್ಚೋದು, ಅಡುಗೆ ಮಾಡೋದು ಅದರಲ್ಲಿ ಸೇರಿದೆ. ಹಾಗಾದ್ರೆ ಶನಿವಾರ ಮಧ್ಯಾಹ್ನ ಬಿಸಿ ಊಟ ಹೇಗೆ?

ಉತ್ತರ: ಶುಕ್ರವಾರ ಸಂಜೆಯೇ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಇಟ್ಟು ಮರುದಿನದವರೆಗೆ ಮುಟ್ಟದೇ ಬಿಡೋದು. ಪೂರ್ವ ಯುರೋಪಿನ ಯಹೂದಿಗಳು, ಅಂದ್ರೆ ಅಶ್ಕೆನಾಜಿಗಳು, ಇದಕ್ಕೆ ಚೋಲೆಂಟ್ ಅಂತಾರೆ: ಬಾರ್ಲಿ, ಬೀನ್ಸ್ ಕಾಳು, ಆಲೂಗಡ್ಡೆ, ಮಾಂಸ. ಸ್ಪೇನ್ ಮೂಲದ ಸೆಫಾರ್ದಿಗಳು ಮತ್ತು ಮಧ್ಯಪ್ರಾಚ್ಯದವರು ಹಮೀನ್ ಅಂತಾರೆ, ಅದರಲ್ಲಿ ಕಡಲೆಕಾಳು ಜಾಸ್ತಿ. ಮಾಂಸ ತೆಗೆದ್ರೂ ಇದು ಕೆಡದೇ ಇರೋದಕ್ಕೆ ಕಾರಣ ಇದೆ. ರಾತ್ರಿಯಿಡೀ ಬೆಂದಾಗ ಬಾರ್ಲಿ ಮತ್ತು ಕಾಳಿನ ಪಿಷ್ಟ ಬಿಟ್ಟುಕೊಂಡು ಗೊಜ್ಜು ದಪ್ಪಗಾಗುತ್ತೆ. ನೀರಿನ ಕುದಿಬಿಂದುವಿಗಿಂತ ಕೆಳಗಿದ್ರೂ ಹತ್ತು ಹನ್ನೆರಡು ಗಂಟೆ ಸಿಕ್ಕಿದ್ರೆ ಸಕ್ಕರೆ ಅಂಶ ಮತ್ತು ಪ್ರೋಟೀನ್ ಸೇರಿ ಕಂದು ಬಣ್ಣ ಮತ್ತು ಘಮ ಬರೋ ಮೈಲಾರ್ಡ್ ಕ್ರಿಯೆ ನಿಧಾನಕ್ಕೆ ನಡೆಯುತ್ತೆ. ಫಸ್ಟ್ ಸೆಮ್ ಕೆಮಿಸ್ಟ್ರಿಯಲ್ಲಿ ಉಷ್ಣತೆ ಕಡಿಮೆ ಆದ್ರೆ ಕ್ರಿಯೆಯ ವೇಗ ಕಡಿಮೆ ಅಂತ ಓದಿದ್ವಲ್ಲ, ನಿಲ್ಲುತ್ತೆ ಅಂತ ಯಾರೂ ಹೇಳಿರಲಿಲ್ಲ. ಮಾಂಸದ ಬದಲು ಅಣಬೆ, ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಹಾಕುವವರಿದ್ದಾರೆ.

ಒಂದು ಎಚ್ಚರಿಕೆ: ರಾಜ್ಮಾ ಹಾಕೋದಾದ್ರೆ ನೆನೆಸಿ, ಆ ನೀರು ಚೆಲ್ಲಿ, ಮೊದಲು ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಹಸಿ ರಾಜ್ಮಾದಲ್ಲಿರೋ ಲೆಕ್ಟಿನ್ ಅನ್ನೋ ವಿಷಾಂಶ ಬರೀ ಸಣ್ಣ ಉರಿಗೆ ಸಾಯಲ್ಲ, ಹೊಟ್ಟೆ ಕೆಡುತ್ತೆ.

ಈ ಪಾತ್ರೆಯ ಜೊತೆ ಒಂದು ನೋವಿನ ಕಥೆಯೂ ಇದೆ. 1492ರಲ್ಲಿ ಸ್ಪೇನಿನಿಂದ ಯಹೂದಿಗಳನ್ನು ಹೊರಹಾಕಿದರು. ಉಳಿದವರು ಮತಾಂತರ ಆಗಬೇಕಾಯ್ತು. ಹಾಗೆ ಮತಾಂತರವಾದವರು ಗುಟ್ಟಾಗಿ ಹಳೆಯ ಆಚಾರ ನಡೆಸ್ತಿದ್ದಾರಾ ಅಂತ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ವಿಚಾರಣೆ ಮಾಡ್ತಿತ್ತು. ಶುಕ್ರವಾರವೇ ಕಡಲೆಯ ಪಾತ್ರೆ ಒಲೆ ಮೇಲಿಟ್ಟರು ಅನ್ನೋದು ಅಲ್ಲಿ ಸಾಕ್ಷಿ ಆಗ್ತಿತ್ತು. ಒಂದು ಅಡುಗೆಗಾಗಿ ಜನ ಜೀವದ ಹಂಗು ತೊರೆದಿದ್ದಾರೆ. ಇದನ್ನು ಓದಿದ ಮೇಲೆ "ಅಡುಗೆ ತಾನೇ, ಬಿಟ್ಟಾಕು" ಅನ್ನೋ ಮಾತು ನಮ್ಮ ರೂಮಲ್ಲಿ ಯಾರೂ ಆಡಲಿಲ್ಲ.

ಶಬ್ಬಾತಿನ ಇನ್ನೊಂದು ಮುಖ್ಯ ಪದಾರ್ಥ ಹಲ್ಲಾ. ಗಲಾಟೆ ಅಲ್ಲ, ಜಡೆ ಹೆಣೆದ ಬ್ರೆಡ್ಡು. ಮೇಜಿನ ಮೇಲೆ ಎರಡು ಇಡ್ತಾರೆ. ಮರುಭೂಮಿಯಲ್ಲಿ ಅಲೆಯುವಾಗ ಆಕಾಶದಿಂದ ಬೀಳ್ತಿದ್ದ ಮನ್ನಾ ಎಂಬ ಆಹಾರ ಶುಕ್ರವಾರ ಎರಡು ಪಾಲು ಸಿಗ್ತಿತ್ತು ಅನ್ನೋದರ ನೆನಪಿಗೆ. ಅಶ್ಕೆನಾಜಿ ಹಲ್ಲಾದಲ್ಲಿ ಮೊಟ್ಟೆ ಇರುತ್ತೆ, ಆದ್ರೆ ಅದು ಕಡ್ಡಾಯ ಅಲ್ಲ. ನೀರು, ಹಿಟ್ಟು, ಎಣ್ಣೆ, ಯೀಸ್ಟ್ ಮಾತ್ರ ಹಾಕಿದ ಹಲ್ಲಾ ಕೂಡ ಸಂಪ್ರದಾಯದ್ದೇ. ಹಿಟ್ಟಿನಿಂದ ಒಂದು ಉಂಡೆ ತೆಗೆದು ಬೇರೆ ಇಡೋ ಆಚರಣೆಯಿಂದಲೇ ಅದಕ್ಕೆ ಆ ಹೆಸರು. ಮೊಟ್ಟೆಯಿಂದ ಅಲ್ಲ.

ಕಡಲೆ ಬೇಯಿಸಿದ ನೀರು ಚೆಲ್ಲಬೇಡಿ

ಇಲ್ಲಿ ಒಂದು ಸಣ್ಣ ಲ್ಯಾಬ್ ಸೆಷನ್. ಮೊಟ್ಟೆ ಅಡುಗೆಯಲ್ಲಿ ಮೂರು ಕೆಲಸ ಮಾಡುತ್ತೆ: ಅಂಟಿಸುತ್ತೆ, ನೊರೆ ಹಿಡಿದಿಡುತ್ತೆ, ಹೊಳಪು ಕೊಡುತ್ತೆ. ಮೂರಕ್ಕೂ ಒಂದೇ ಬದಲಿ ಹುಡುಕೋದೇ ತಪ್ಪು. ಯಾವ ಕೆಲಸ ಬೇಕು ಅಂತ ಮೊದಲು ಕೇಳಬೇಕು.

ನೊರೆಗೆ ಸಿಕ್ಕಿರೋ ಉತ್ತರ ಕಾಬೂಲಿ ಕಡಲೆ ಬೇಯಿಸಿದ ನೀರು. 2014ರಲ್ಲಿ ಫ್ರಾನ್ಸಿನ ಜೋಎಲ್ ರೋಸೆಲ್ ಕಾಳಿನ ನೀರನ್ನು ಕಡೆದ್ರೆ ಮೊಟ್ಟೆಯ ಬಿಳಿಯ ಹಾಗೆ ನೊರೆ ಬರುತ್ತೆ ಅಂತ ತೋರಿಸಿದ. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಅದಕ್ಕೆ ಅಕ್ವಾಫಾಬಾ ಅಂತ ಹೆಸರಿಟ್ಟ. ಹೌದು, ನಮ್ಮ ಜಾತಿಯವನೇ. ಕಾಳಿನಿಂದ ನೀರಿಗೆ ಇಳಿದ ಪ್ರೋಟೀನ್, ಪಿಷ್ಟ ಮತ್ತು ಸಾಪೊನಿನ್‌ಗಳು ಗಾಳಿಯ ಗುಳ್ಳೆಗಳನ್ನು ಒಡೆಯದ ಹಾಗೆ ಹಿಡಿಯುತ್ತವೆ. ಮೂರು ದೊಡ್ಡ ಚಮಚ ನೀರು ಸುಮಾರು ಒಂದು ಮೊಟ್ಟೆಗೆ ಸಮ.

ಹಾಸ್ಟೆಲಲ್ಲಿ ಇಂಡಕ್ಷನ್ ಸ್ಟವ್ ಇಡೋ ಹಾಗಿಲ್ಲ. ಹಾಗಾಗಿ ಕ್ಲಾಸ್‌ಮೇಟ್ ಒಬ್ಬಳ ಮನೆಯ ಅಡುಗೆಮನೆಯಲ್ಲಿ, ಅವಳಮ್ಮನ ಕಣ್ಗಾವಲಿನಲ್ಲಿ ಟ್ರೈ ಮಾಡಿದ್ವಿ. ಮೊದಲ ಸಲ ಹದಿನೈದು ನಿಮಿಷ ಕಡೆದ್ರೂ ನೊರೆ ನಿಲ್ಲಲಿಲ್ಲ. ಆಂಟಿ ಪಾತ್ರೆಗೆ ಬೆರಳು ಹಚ್ಚಿ "ಜಿಡ್ಡಿದೆ ಇದರಲ್ಲಿ" ಅಂದ್ರು. ಎಣ್ಣೆ ಅಂಶ ಇದ್ರೆ ಗುಳ್ಳೆ ಒಡೆಯುತ್ತೆ. ಪಾತ್ರೆ ತೊಳೆದು ಒರೆಸಿ, ನೀರನ್ನು ಇನ್ನಷ್ಟು ಕುದಿಸಿ ಗಟ್ಟಿ ಮಾಡಿ, ಆರಿಸಿ ಕಡೆದಾಗ ಬೆಳ್ಳಗೆ ಉಬ್ಬಿ ನಿಂತಿತು. ಥಿಯರಿ ನಮ್ಮದು, ಪ್ರಾಕ್ಟಿಕಲ್ ಆಂಟಿಯದು.

ಹೊಸ ವರ್ಷ: ಜೇನು ಯಾರದ್ದು?

ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರೋ ರೋಶ್ ಹಶಾನಾ ಯಹೂದಿ ಹೊಸ ವರ್ಷ. ಸೇಬನ್ನು ಜೇನಿನಲ್ಲಿ ಅದ್ದಿ ತಿಂದು ಸಿಹಿಯಾದ ವರ್ಷ ಕೋರ್ತಾರೆ. ಜೇನು ಬೇಡ ಅನ್ನುವವರು ಸಿಲಾನ್ ಅನ್ನೋ ಖರ್ಜೂರದ ಪಾಕ ಬಳಸ್ತಾರೆ. ಇದು ಅಡ್ಡದಾರಿ ಅಲ್ಲ. ಹಾಲು ಜೇನು ಹರಿಯುವ ನಾಡು ಅಂತ ಗ್ರಂಥದಲ್ಲಿ ಬರುತ್ತಲ್ಲ, ಆ ಜೇನು ಖರ್ಜೂರದ್ದು ಅಂತಲೇ ಹಳೆಯ ಪಂಡಿತರು ಹೇಳ್ತಾ ಬಂದಿದ್ದಾರೆ. ಆ ನಾಡಿನ ಏಳು ಬೆಳೆಗಳ ಪಟ್ಟಿಯಲ್ಲಿ ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್ ಜೊತೆ ಏಳನೆಯದಾಗಿ ಜೇನು ಅಂತಿದೆ. ಬೆಳೆಗಳ ಪಟ್ಟಿಯಲ್ಲಿ ಬಂದ ಜೇನು ಹಣ್ಣಿನದ್ದೇ ಇರಬೇಕು ಅನ್ನೋದು ತರ್ಕ. ಇನ್ನೊಂದು ಕಡೆ, ಇಸ್ರೇಲಿನ ತೆಲ್ ರೆಹೋವ್ ಅನ್ನೋ ಜಾಗದಲ್ಲಿ ಸುಮಾರು 3000 ವರ್ಷ ಹಳೆಯ ಜೇನುಗೂಡುಗಳ ಸಾಲೇ ಸಿಕ್ಕಿದೆ. ಹಾಗಾಗಿ ಜೇನುಸಾಕಣೆ ಇರಲೇ ಇಲ್ಲ ಅಂತ ಹೇಳೋಕಾಗಲ್ಲ. ಎರಡೂ ಇತ್ತು, ಎರಡಕ್ಕೂ ಜಾಗ ಇದೆ.

ಈ ಹಬ್ಬದಲ್ಲಿ ನಮಗೆ ತುಂಬಾ ಇಷ್ಟ ಆಗಿದ್ದು ಪದಗಳ ಆಟ. ಒಂದೊಂದು ತರಕಾರಿಯ ಹೆಸರಿಗೂ ಹೋಲುವ ಒಂದು ಹಾರೈಕೆ. ಖರ್ಜೂರಕ್ಕೆ ಹೀಬ್ರೂವಿನಲ್ಲಿ ತಾಮಾರ್, ಅದು "ಮುಗಿಯಲಿ" ಅನ್ನೋ ಪದದ ಹಾಗೆ ಕೇಳುತ್ತೆ, ಆದ್ದರಿಂದ ವೈರ ಮುಗಿಯಲಿ ಅಂತ ಹಾರೈಕೆ. ಬೀಟ್‌ರೂಟ್ ಜಾತಿಯ ಗಿಡದ ಹೆಸರು "ತೊಲಗಲಿ" ಅನ್ನೋದನ್ನು ಹೋಲುತ್ತೆ. ರೂಬಿಯಾ ಅನ್ನೋದು "ಹೆಚ್ಚಲಿ" ಅನ್ನೋದನ್ನು ಹೋಲುತ್ತೆ. ಆ ರೂಬಿಯಾ ಯಾವುದು? ಹನ್ನೊಂದನೇ ಶತಮಾನದ ಫ್ರಾನ್ಸಿನ ಪಂಡಿತ ರಾಶಿ ಮೆಂತ್ಯ ಅಂದ. ಬಹಳ ಸಮುದಾಯಗಳು ಅಲಸಂದೆ ಕಾಳು ಅಂತ ಹಿಡಿದವು. ಈ ಪಟ್ಟಿ ಸುಮಾರು 1500 ವರ್ಷ ಹಳೆಯ ತಾಲ್ಮೂದ್ ಗ್ರಂಥದಲ್ಲೇ ಇದೆ, ಮತ್ತು ಅದರಲ್ಲಿರೋ ಐದೂ ಸಸ್ಯಗಳೇ. ಆಮೇಲೆ ಸೇರಿದ್ದು ಮೀನಿನ ಅಥವಾ ಟಗರಿನ ತಲೆ, "ಬಾಲ ಆಗದೆ ತಲೆ ಆಗೋಣ" ಅಂತ. ಗಿಡದಡುಗೆಯವರು ಅಲ್ಲಿ ಇಡೀ ಎಲೆಕೋಸು ಅಥವಾ ಬೆಳ್ಳುಳ್ಳಿ ಗಡ್ಡೆ ಇಡ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ "ಹೆಡ್" ಅಂತಲೇ ತಾನೇ ಅನ್ನೋದು. ಆಟದ ನಿಯಮ ಮುರಿಯದೇ ಆಟ ಆಡಿದ್ರು ಅಂದ್ರೆ ಇದೇ.

ಹನುಕ್ಕಾ: ಎಣ್ಣೆಯ ಹಬ್ಬ

ಡಿಸೆಂಬರ್ ಹೊತ್ತಿಗೆ ಬರೋ ಹನುಕ್ಕಾ ಕ್ರಿಸ್ತಪೂರ್ವ 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ಮತ್ತೆ ಶುದ್ಧಿ ಮಾಡಿದ ನೆನಪು. ಒಂದು ದಿನಕ್ಕಾಗುವಷ್ಟೇ ಎಣ್ಣೆ ಎಂಟು ದಿನ ದೀಪ ಉರಿಸಿತು ಅನ್ನೋ ಕಥೆ. ಅದಕ್ಕೇ ಎಣ್ಣೆಯಲ್ಲಿ ಕರಿದ ತಿಂಡಿ. ಇಲ್ಲಿ ಹಬ್ಬದ ಜೀವಾಳವೇ ಸಸ್ಯದ್ದು.

ಪ್ರಸಿದ್ಧ ತಿಂಡಿ ಲಟ್ಕೆ, ಅಂದ್ರೆ ಆಲೂಗಡ್ಡೆ ತುರಿಯ ಚಪ್ಪಟೆ ವಡೆ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಯುರೋಪಿಗೆ ಬಂದಿದ್ದೇ ಹದಿನಾರನೇ ಶತಮಾನದಲ್ಲಿ. ಅದಕ್ಕಿಂತ ಮುಂಚೆ ಇಟಲಿಯಲ್ಲಿ ಈ ಹಬ್ಬಕ್ಕೆ ಚೀಸ್ ದೋಸೆ ಮಾಡ್ತಿದ್ರು. ಅಂದ್ರೆ ಇವತ್ತಿನ "ಸಂಪ್ರದಾಯದ" ಲಟ್ಕೆಯೇ ಒಂದು ಬದಲಿ! ಸಾಮಾನ್ಯವಾಗಿ ಅದಕ್ಕೆ ಮೊಟ್ಟೆ ಹಾಕ್ತಾರೆ, ಅಂಟೋಕೆ. ಮೊಟ್ಟೆ ಇಲ್ಲದ ವಿಧಾನ ಹೀಗೆ:

ಅರ್ಧ ಕೆಜಿ ಆಲೂಗಡ್ಡೆ ಮತ್ತು ಒಂದು ಈರುಳ್ಳಿ ತುರಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಪಾತ್ರೆಯ ಮೇಲೆ ಗಟ್ಟಿಯಾಗಿ ಹಿಂಡಿ. ಆ ನೀರನ್ನು ಹತ್ತು ನಿಮಿಷ ಅಲುಗಿಸದೆ ಬಿಡಿ. ಅಡಿಯಲ್ಲಿ ಬೆಳ್ಳಗೆ ಸುಣ್ಣದ ಹಾಗೆ ಪಿಷ್ಟ ಕೂತಿರುತ್ತೆ. ಮೇಲಿನ ನೀರು ಬಗ್ಗಿಸಿ ಚೆಲ್ಲಿ, ಆ ಪಿಷ್ಟವನ್ನು ತುರಿಗೇ ವಾಪಸ್ ಸೇರಿಸಿ. ಎರಡು ಮೂರು ಚಮಚ ಮೈದಾ, ಉಪ್ಪು, ಮೆಣಸಿನ ಪುಡಿ ಹಾಕಿ ಕಲೆಸಿ, ಕಾದ ಎಣ್ಣೆಯಲ್ಲಿ ತೆಳ್ಳಗೆ ತಟ್ಟಿ ಎರಡೂ ಕಡೆ ಕಂದು ಬಣ್ಣ ಬರೋ ತನಕ ಕರೀರಿ. ನೀರು ಹಿಂಡದೇ ಹಾಕಿದ್ರೆ ಎಣ್ಣೆ ಸಿಡಿಯುತ್ತೆ, ವಡೆ ಬೇಯೋ ಬದಲು ಉಗಿಯಲ್ಲಿ ಮೆತ್ತಗಾಗುತ್ತೆ. ಅಂಟು ಆಲೂಗಡ್ಡೆ ಒಳಗೇ ಇತ್ತು, ನಾವು ಅದನ್ನು ಚೆಲ್ತಾ ಇದ್ವಿ ಅಷ್ಟೇ. ಜೊತೆಗೆ ಬೇಯಿಸಿ ಅರೆದ ಸೇಬು ನಂಚಿಕೊಳ್ತಾರೆ.

ಪೆಸಾಖ್: ಎಲ್ಲಕ್ಕಿಂತ ಕಷ್ಟದ ಪೇಪರ್

ವಸಂತದಲ್ಲಿ ಬರೋ ಪೆಸಾಖ್ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ಓಡಿಬರುವ ಅವಸರದಲ್ಲಿ ಹಿಟ್ಟು ಹುದುಗೋಕೆ ಪುರುಸೊತ್ತಿರಲಿಲ್ಲವಲ್ಲ, ಅದಕ್ಕೇ ಆ ದಿನಗಳಲ್ಲಿ ಹುದುಗಿದ್ದು ಯಾವುದೂ ಮನೆಯಲ್ಲಿ ಇರಬಾರದು. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯಗಳಿಗೆ ನಿಯಮ ಅನ್ವಯ. ಮತ್ಸಾ ಅನ್ನೋ ಗರಿಗರಿ ರೊಟ್ಟಿಯನ್ನು, ಹಿಟ್ಟಿಗೆ ನೀರು ಬಿದ್ದಾಗಿನಿಂದ ಬೇಯಿಸಿ ಮುಗಿಸೋವರೆಗೆ, 18 ನಿಮಿಷದೊಳಗೆ ಮಾಡಬೇಕು. ನಮ್ಮ ಲ್ಯಾಬ್ ಎಕ್ಸಾಮಿಗಿಂತ ಬಿಗಿ ಟೈಮಿಂಗ್.

ಇಷ್ಟಾಗಿದ್ರೆ ಪರವಾಗಿರಲಿಲ್ಲ. ಅಶ್ಕೆನಾಜಿಗಳು ಇನ್ನೂ ಮುಂದೆ ಹೋಗಿ ಅಕ್ಕಿ, ಜೋಳ, ಬೇಳೆ, ಬೀನ್ಸ್, ಸಾಸಿವೆ, ಎಳ್ಳು ಎಲ್ಲವನ್ನೂ ಈ ಹಬ್ಬದಲ್ಲಿ ಬಿಟ್ಟರು. ಇವಕ್ಕೆ ಕಿಟ್ನಿಯೋತ್ ಅಂತ ಹೆಸರು, ಈ ಪದ್ಧತಿ ಹದಿಮೂರನೇ ಶತಮಾನದಿಂದಲಾದ್ರೂ ಇದೆ. ಸೆಫಾರ್ದಿಗಳು ಇದನ್ನು ಒಪ್ಪಲಿಲ್ಲ, ಅನ್ನ ತಿಂತಾರೆ. ಮಾಂಸ, ಹಾಲು, ಮೊಟ್ಟೆ ಬಿಟ್ಟ ಅಶ್ಕೆನಾಜಿಗೆ ಕಾಳು ಬೇಳೆಯೂ ಇಲ್ಲ ಅಂದ್ರೆ ಉಳಿಯೋದೇನು? ತರಕಾರಿ, ಹಣ್ಣು, ಬಾದಾಮಿ, ಆಕ್ರೋಡು, ಅಣಬೆ, ಆಲೂಗಡ್ಡೆ. ಬಹಳಷ್ಟು ಜನ ಕಿನೋವಾ ಒಪ್ತಾರೆ. ನಮ್ಮ ಹೀರೋ ಅಕ್ವಾಫಾಬಾ ಕೂಡ ಇಲ್ಲಿ ಔಟ್, ಯಾಕಂದ್ರೆ ಕಡಲೆಯೂ ಕಿಟ್ನಿಯೋತ್. ಸಾರಿಗೆ ಹಾಕೋ ಮತ್ಸಾ ಪುಡಿಯ ಉಂಡೆಗಳನ್ನು ಅಂಟಿಸೋಕೆ ಮೊಟ್ಟೆಯ ಬದಲು ಆಲೂ ಪಿಷ್ಟ, ಬೇಯಿಸಿದ ಆಲೂಗಡ್ಡೆ ಹಾಕ್ತಾರೆ. 2015ರ ಡಿಸೆಂಬರಿನಲ್ಲಿ ಅಮೆರಿಕದ ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿ ಕಿಟ್ನಿಯೋತ್ ತಿನ್ನಬಹುದು ಅಂತ ಒಪ್ಪಿಗೆ ಕೊಟ್ಟಿತು. ಆರ್ಥೊಡಾಕ್ಸ್ ಅಶ್ಕೆನಾಜಿಗಳು ಈಗಲೂ ಬಿಟ್ಟೇ ಇದ್ದಾರೆ.

ಹಬ್ಬದ ಮೊದಲ ರಾತ್ರಿ ಸೇದರ್ ಊಟ. ಅಲ್ಲಿ ತಟ್ಟೆಯ ಮೇಲಿರೋದೆಲ್ಲ ಕಥೆ ಹೇಳುತ್ತೆ. ಕಹಿ ಸೊಪ್ಪು ಗುಲಾಮಗಿರಿಯ ಕಹಿ. ಉಪ್ಪು ನೀರು ಕಣ್ಣೀರು. ಹರೋಸೆತ್ ಅನ್ನೋ ಸಿಹಿ ಮುದ್ದೆ, ಗುಲಾಮರು ಇಟ್ಟಿಗೆ ಕಟ್ಟೋಕೆ ಕಲೆಸುತ್ತಿದ್ದ ಗಾರೆ. ಸಿವಿಲ್ ಬ್ರ್ಯಾಂಚ್‌ನವರು ಗಮನಿಸಿ, ಮಾರ್ಟರ್ ತಿನ್ನೋ ಹಬ್ಬವೂ ಇದೆ! ಪೂರ್ವ ಯುರೋಪಿನವರು ಸೇಬು, ಆಕ್ರೋಡು, ದಾಲ್ಚಿನ್ನಿ, ವೈನ್ ಸೇರಿಸಿ ಮಾಡ್ತಾರೆ, ಇರಾಕಿನವರು ಖರ್ಜೂರದ ಪಾಕಕ್ಕೆ ಆಕ್ರೋಡು ಬೆರೆಸ್ತಾರೆ. ಇವೆಲ್ಲ ಗಿಡದಿಂದಲೇ. ಸಮಸ್ಯೆ ಬರೋದು ಎರಡಕ್ಕೆ: ಬೇಯಿಸಿದ ಮೊಟ್ಟೆ, ಮತ್ತು ದೇವಾಲಯದಲ್ಲಿ ಕೊಡ್ತಿದ್ದ ಕುರಿಮರಿಯ ಬಲಿಯ ನೆನಪಿಗೆ ಇಡೋ ಮೂಳೆ.

ಮೂಳೆಯ ಜಾಗಕ್ಕೆ ಇವತ್ತು ಗಿಡದಡುಗೆಯವರು ಇಡೋದು ಬೇಯಿಸಿದ ಬೀಟ್‌ರೂಟ್. ಕೆಂಪು, ರಕ್ತದ ಬಣ್ಣ. ಇದು ಈಚಿನವರ ಕಿತಾಪತಿ ಅಂದುಕೊಂಡಿದ್ವಿ. ಅಲ್ಲ! ತಾಲ್ಮೂದಿನಲ್ಲೇ ಈ ಪ್ರಶ್ನೆ ಇದೆ. ಸೇದರ್ ರಾತ್ರಿ ಎರಡು ಬೇಯಿಸಿದ ಪದಾರ್ಥ ಇಡಬೇಕು, ಅವು ಯಾವುವು? ಮೂರನೇ ಶತಮಾನದ ಬ್ಯಾಬಿಲೋನಿಯದ ಪಂಡಿತ ರಾವ್ ಹೂನಾ ಕೊಟ್ಟ ಉತ್ತರ: ಬೀಟ್ ಮತ್ತು ಅನ್ನ. ಅಂದ್ರೆ 1700 ವರ್ಷಗಳಿಂದ ಈ ದಾರಿ ತೆರೆದೇ ಇತ್ತು. ಇನ್ನೊಂದು ತಮಾಷೆ: ರಾವ್ ಹೂನಾ ಅನ್ನ ಇಟ್ಟ ಅಂದ್ಮೇಲೆ ಅಕ್ಕಿ ಹುದುಗುವ ಧಾನ್ಯಗಳಲ್ಲಿ ಸೇರಿಲ್ಲ ಅಂತ ತಾಲ್ಮೂದೇ ತೀರ್ಮಾನಿಸುತ್ತೆ. ಆಮೇಲೆ ಅಶ್ಕೆನಾಜಿಗಳು ಅಕ್ಕಿಯನ್ನೂ ಬಿಟ್ಟರು! ಸಂಪ್ರದಾಯ ಅನ್ನೋದು ಸೀದಾ ಗೆರೆ ಅಲ್ಲ, ಗ್ರಾಫ್ ಮೇಲೆ ಕೆಳಗೆ ಹೋಗ್ತಾನೇ ಇರುತ್ತೆ.

ಉಳಿದ ಹಬ್ಬಗಳು, ಚುಟುಕಾಗಿ

ಪೂರಿಮ್: ಪರ್ಷಿಯಾದ ರಾಣಿ ಎಸ್ತರ್ ತನ್ನ ಜನರನ್ನು ಉಳಿಸಿದ ಕಥೆಯ ಹಬ್ಬ. ಅರಮನೆಯಲ್ಲಿ ನಿಷಿದ್ಧ ಆಹಾರ ಮುಟ್ಟದಿರಲು ಅವಳು ಬೀಜ, ಕಾಳು ತಿಂದಿದ್ದಳು ಅಂತ ತಾಲ್ಮೂದ್‌ನಲ್ಲಿ ಒಂದು ಅಭಿಪ್ರಾಯ. ಅದಕ್ಕೆ ಕಡಲೆ ಮತ್ತು ಗಸಗಸೆ ತುಂಬಿದ ಮೂರು ಮೂಲೆಯ ಬಿಸ್ಕತ್ತು. ಬೆಣ್ಣೆಯ ಬದಲು ಎಣ್ಣೆ ಹಾಕಿದ್ರೆ ಮುಗೀತು.

ಶಾವುವೋತ್: ತೋರಾ ಸಿಕ್ಕಿದ ದಿನ, ಇದು ಹಾಲಿನ ಹಬ್ಬ. ಚೀಸ್‌ಕೇಕ್, ಪನೀರ್ ತುಂಬಿದ ದೋಸೆ. ನಮ್ಮ ರೂಮ್‌ಮೇಟ್‌ಗೆ ಅತಿ ಹತ್ತಿರದ ಸಮಸ್ಯೆ ಇದೇ. ಗೋಡಂಬಿ ನೆನೆಸಿ ರುಬ್ಬಿ ಚೀಸ್‌ಕೇಕ್ ಮಾಡೋದು ಒಂದು ದಾರಿ. ಇನ್ನೊಂದು ದಾರಿ, ಈ ಹಬ್ಬ ಗೋಧಿ ಸುಗ್ಗಿಯ ಮತ್ತು ಮೊದಲ ಹಣ್ಣಿನ ಹಬ್ಬವೂ ಹೌದು ಅಂತ ನೆನಪು ಮಾಡಿಕೊಂಡು ಏಳು ಬೆಳೆಗಳಿಂದಲೇ ಊಟ ಮಾಡೋದು. ಒಂದು ಹಾಲನ್ನು ನಕಲು ಮಾಡುತ್ತೆ, ಇನ್ನೊಂದು ಹಬ್ಬದ ಬೇರೆ ಬೇರಿಗೆ ಹೋಗುತ್ತೆ.

ಸಾವಿನ ಮನೆ: ಹಬ್ಬವಲ್ಲ, ಆದ್ರೆ ಹೇಳಲೇಬೇಕು. ಮಸೂರ ಬೇಳೆಗೆ ಬಾಯಿಯಂಥ ಸೀಳಿಲ್ಲ, ದುಃಖದಲ್ಲಿರುವವರಿಗೂ ಬಾಯಲ್ಲಿ ಮಾತಿಲ್ಲ. ಅದಕ್ಕೇ ಶೋಕದ ಊಟಕ್ಕೆ ಮಸೂರ. ಇದನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನಾದ್ವಿ.

ನಮ್ಮ ಕರಾವಳಿಗೂ ಬಂದಿದ್ರು

ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಅನ್ನೋ ಯಹೂದಿ ಸಮುದಾಯ ಎಷ್ಟೋ ಶತಮಾನಗಳಿಂದ ಇತ್ತು. ಮರಾಠಿ ಮಾತಾಡ್ತಾ ಗಾಣದಲ್ಲಿ ಎಣ್ಣೆ ತೆಗೀತಿದ್ರು, ಶನಿವಾರ ಗಾಣ ನಿಲ್ಲಿಸ್ತಿದ್ರಿಂದ ಊರವರು ಅವರನ್ನು "ಶನಿವಾರ ತೇಲಿ" ಅಂತಿದ್ರು. ಮಾಂಸದ ಸಾರಿಗೆ ಮೊಸರು, ತುಪ್ಪ ಹಾಕೋ ಹಾಗಿಲ್ಲವಲ್ಲ, ಅವರು ಕೈಗೆ ಸಿಕ್ಕ ತೆಂಗಿನಕಾಯಿ ಹಾಲು ಹಾಕಿದ್ರು. ರೋಶ್ ಹಶಾನಾಕ್ಕೆ ಗೋಧಿ ಹಾಲು ಮತ್ತು ತೆಂಗಿನ ಹಾಲಿನ ಹಲ್ವ. ವೈನ್ ಸಿಗದಾಗ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು. ಗಿಡಮರಗಳ ಹೊಸ ವರ್ಷ ತು ಬಿಶ್ವತ್‌ಗೆ ಮತ್ತು ಶುಭಕಾರ್ಯಗಳಿಗೆ ಪ್ರವಾದಿ ಎಲಿಯಾಹು ಹೆಸರಲ್ಲಿ ಮಲಿದಾ. ಅದು ಏನು ಗೊತ್ತಾ? ಅವಲಕ್ಕಿ! ಎರಡು ಲೋಟ ಅವಲಕ್ಕಿ ತೊಳೆದು, ಒಂದು ಲೋಟ ತೆಂಗಿನತುರಿ, ಅರ್ಧ ಲೋಟ ಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಬೆರೆಸಿ, ಸುತ್ತ ಬಾಳೆಹಣ್ಣು, ಖರ್ಜೂರ, ಬೇರೆ ಹಣ್ಣು ಜೋಡಿಸಿದ್ರೆ ಆಯ್ತು. ಒಂದು ಪದಾರ್ಥವನ್ನೂ ಬದಲಿಸಬೇಕಿಲ್ಲ.

ಕರ್ನಾಟಕಕ್ಕೂ ನಂಟಿದೆ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದ. ಕೈರೋದ ಸಿನಗಾಗ್‌ನಲ್ಲಿ ಸಿಕ್ಕ ಅವನ ಪತ್ರಗಳ ಪ್ರಕಾರ ಏಡನ್‌ನಿಂದ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸ್ತಿದ್ರು. ಅಮಿತಾವ್ ಘೋಷ್ 1992ರಲ್ಲಿ ಅವನ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಊರು ಬಿಟ್ಟು ಬಂದವರಿಗೆ ಮನೆಯಿಂದ ತಿಂಡಿ ಪಾರ್ಸೆಲ್ ಬರೋದು ಎಷ್ಟು ಹಳೆಯ ಪದ್ಧತಿ ನೋಡಿ.

ಒಂದು ಪುಸ್ತಕ ಉಳಿಯಿತು

ಕೊನೆಯದಾಗಿ ಫಾನ್ಯಾ ಲೆವಾಂಡೊ. ವಿಲ್ನಾ ನಗರದಲ್ಲಿ, ಅಂದ್ರೆ ಇವತ್ತಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಆಕೆ ಸಸ್ಯಾಹಾರಿ ಹೋಟೆಲ್ ನಡೆಸ್ತಿದ್ದರು. ಚಿತ್ರಕಾರ ಮಾರ್ಕ್ ಶಗಾಲ್ ಅಂಥವರು ಅಲ್ಲಿನ ಅತಿಥಿ ಪುಸ್ತಕದಲ್ಲಿ ಬರೆದಿದ್ದಾರೆ. 1938ರಲ್ಲಿ ಆಕೆ ಯಿಡ್ಡಿಷ್ ಭಾಷೆಯಲ್ಲಿ 400 ಅಡುಗೆಗಳ ಸಸ್ಯಾಹಾರಿ ಪುಸ್ತಕ ಪ್ರಕಟಿಸಿದರು, ಅದರಲ್ಲಿ ಮಾಂಸವಿಲ್ಲದ ಚೋಲೆಂಟ್ ಕೂಡ ಇದೆ. ಹಾಲು ಮೊಟ್ಟೆ ಆಕೆ ಬಿಟ್ಟಿರಲಿಲ್ಲ, ಆದ್ರೆ ಮಾಂಸವಿಲ್ಲದ ಹಬ್ಬ ಹಬ್ಬವೇ ಅಂತ ತೋರಿಸಿದವರು ಆಕೆ. ನಾಜಿಗಳು ಬಂದರು. ವಿಲ್ನಾದ ಬಹುಪಾಲು ಯಹೂದಿಗಳ ಹಾಗೆ ಆಕೆಯೂ ಉಳಿಯಲಿಲ್ಲ. ಪುಸ್ತಕದ ಪ್ರತಿಯೊಂದು ನ್ಯೂಯಾರ್ಕಿನ ಯೀವೊ ಸಂಸ್ಥೆಯ ಗ್ರಂಥಾಲಯ ಸೇರಿತ್ತು, 2015ರಲ್ಲಿ ಇಂಗ್ಲಿಷಿಗೆ ಬಂತು. ಆ ಊರು ಹಾಗೇ ಉಳಿದಿಲ್ಲ, ಆ ಹೋಟೆಲ್ ಇಲ್ಲ. ಆದ್ರೆ ಇವತ್ತು ಯಾರಾದ್ರೂ ಆ ಚೋಲೆಂಟ್ ಒಲೆ ಮೇಲಿಟ್ರೆ ಅದು ಬೇಯುತ್ತೆ.

ಇಷ್ಟೆಲ್ಲಾ ಓದಿ ನಮಗೆ ಅರ್ಥ ಆಗಿದ್ದು ಇಷ್ಟು. ಪದಾರ್ಥ ಬದಲಿಸಿದವರು ಹಬ್ಬವನ್ನು ಕೆಡಿಸಲಿಲ್ಲ, ಯಾಕಂದ್ರೆ ಬದಲಿಸೋಕೆ ಮುಂಚೆ "ಇದು ಇಲ್ಲಿ ಯಾಕಿದೆ" ಅಂತ ಕೇಳಿದ್ರು. ಮೂಳೆ ಯಾಕಿದೆ ಅಂತ ಗೊತ್ತಿದ್ದವನಿಗೆ ಮಾತ್ರ ಬೀಟ್‌ರೂಟ್ ಹೊಳೆಯುತ್ತೆ. ನಮ್ಮ ರೂಮ್‌ಮೇಟ್ ಅಜ್ಜಿಗೆ ಬೇಡ ಅಂದಿದ್ದ, ಏನೂ ಕೇಳಿರಲಿಲ್ಲ.

ದೀಪಾವಳಿಗೆ ಮುಂಚೆ ಅವನು ಅಜ್ಜಿಗೆ ಫೋನ್ ಮಾಡಿದ. "ಅಜ್ಜಿ, ನೀವು ಚಿಕ್ಕವರಿದ್ದಾಗ ಮನೇಲಿ ತುಪ್ಪ ಇಲ್ಲದಿದ್ರೆ ಹೋಳಿಗೆಗೆ ಏನು ಹಾಕ್ಕೊಳ್ತಿದ್ರಿ?" ಆ ಕಡೆಯಿಂದ ತಕ್ಷಣ ಉತ್ತರ: "ಕಾಯಿಹಾಲು ಕಣೋ, ಇನ್ನೇನು? ನಮ್ಮಮ್ಮ ಏಲಕ್ಕಿ ಬೆಲ್ಲ ಹಾಕಿ ಮಾಡ್ತಿದ್ಲು, ತುಪ್ಪ ಎಲ್ಲಿತ್ತು ಆಗ." ಆಮೇಲೆ ಇಪ್ಪತ್ತು ನಿಮಿಷ ಅಜ್ಜಿ ಅವರಮ್ಮನ ಬಗ್ಗೆ ಮಾತಾಡಿದ್ರು. ಅವನು ಮೊದಲ ಸಲ ಕೇಳಿಸಿಕೊಂಡ ಕಥೆಗಳು.

ಹಬ್ಬದ ದಿನ ನೈವೇದ್ಯಕ್ಕೆ ಅಜ್ಜಿ ತುಪ್ಪ ಹಾಕಿದ್ರು, ಅದನ್ನು ಬಿಡಲಿಲ್ಲ. ಇವನ ಎಲೆಗೆ ಕಾಯಿಹಾಲು ಬಡಿಸಿದ್ರು. ಆಮೇಲೆ ತಮ್ಮ ಎಲೆಗೂ ಸ್ವಲ್ಪ ಹಾಕಿಕೊಂಡರಂತೆ.